ಒಂದು ಎಲೆಯಡಿಕೆ ಹೊತ್ತಿನ ತೀರ್ಪು

ನಮ್ಮೂರಿಗೆ ಹೆಣ್ಣು ಕೇಳಿಕೊಂಡು ಬರುವ ಗಂಡು ಮೊದಲು ಹುಡುಗಿಯ ಮುಖ ನೋಡುವುದಿಲ್ಲ, ಬಸವನಹುಳುಗಳ ಮುಖ ನೋಡುತ್ತಾನೆ. ಚಾವಡಿಯ ಮುಂದಿನ ಕಲ್ಲುಬಾನಿಗೆ ಕೆರೆಯ ನೀರು ತುಂಬಿಸಿ ಐದು ಹುಳುಗಳನ್ನು ಬಿಟ್ಟಿರುತ್ತಾರೆ. ಗಂಡು ಅಂಗಿಯ ತೋಳು ಮಡಿಸಿ ಕೈಯನ್ನು ಬಾನಿಯ ತಳಕ್ಕೆ ಇಡಬೇಕು. ಊರ ಯಜಮಾನರು ಒಂದು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಅವರು ಅದನ್ನು ಅಗಿದು ಉಗುಳುವಷ್ಟರಲ್ಲಿ ಹುಳುಗಳು ಬಂದು ಕೈಮೇಲೆ ಹರಿದಾಡಿದರೆ ಗಂಡು ಒಪ್ಪಿತ. ಮುಚ್ಚಳ ಹಾಕಿಕೊಂಡು ಚಿಪ್ಪಿನೊಳಗೆ ಕೂತುಬಿಟ್ಟರೆ ಕೈ ಒರೆಸಿಕೊಂಡು ಬಂದ ದಾರಿ ಹಿಡಿಯಬೇಕು. ಆ ಐದು ಹುಳುಗಳಿಗೆ ನಮ್ಮಲ್ಲಿ ಪಂಚರು ಎಂದು ಹೆಸರು.

ನಮ್ಮನೆಯವರ ಕೈಮೇಲೆ ಐದಕ್ಕೆ ಐದೂ ಹತ್ತಿ ಕೂತಿದ್ದವಂತೆ. ಬಿಡಿಸಿಕೊಳ್ಳುವುದೇ ಕಷ್ಟವಾಯಿತು ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಮನೆಅಳಿಯನಾಗಿ ಬಂದು ನೆಲೆ ನಿಂತ ಆ ಕೈಯನ್ನು ನಾನು ಇಷ್ಟು ವರ್ಷ ನೋಡುತ್ತಿದ್ದೇನೆ, ಒಂದು ಸೌದೆ ಸೀಳಿದ್ದು ಕಂಡಿಲ್ಲ. ಪಂಚರು ವಿಷ ಇದೆಯೋ ಇಲ್ಲವೋ ಅಷ್ಟನ್ನೇ ಹೇಳುತ್ತಾರೆ, ಉಪಯೋಗ ಇದೆಯೋ ಇಲ್ಲವೋ ಎಂಬುದು ಅವರಿಗೆ ಸಂಬಂಧಪಟ್ಟ ವಿಷಯವಲ್ಲ. ಇದು ನನಗೆ ಅರ್ಥವಾಗುವ ಹೊತ್ತಿಗೆ ಮಕ್ಕಳು ಹುಟ್ಟಿ ಆಗಿತ್ತು.

ಗಂಡಿಗಷ್ಟೇ ಅಲ್ಲ, ಸೊಸೆಯಾಗಿ ಬರುವವಳಿಗೂ ಇದೇ ಪರೀಕ್ಷೆ. ಪಾತ್ರೆ ಪಡಗ, ಸೀರೆಯ ಬಣ್ಣ, ಔಷಧಿಯ ಸೀಸೆ, ವರ್ಗವಾಗಿ ಬಂದ ಮೇಷ್ಟರು, ಯಾವುದೇ ಆಗಲಿ, ಯಾರೇ ಆಗಲಿ, ಬಾನಿ ದಾಟದೆ ಊರೊಳಗೆ ಬರುವಂತಿರಲಿಲ್ಲ. ಇದರ ಜೊತೆಗೆ ಇನ್ನೊಂದು ಕಟ್ಟಳೆ ಇತ್ತು. ಒಮ್ಮೆ ಒಪ್ಪಿದ್ದನ್ನು ಮತ್ತೆ ಬಾನಿಗೆ ಒಡ್ಡಕೂಡದು. ಮನೆ ತುಂಬಿಸಿಕೊಂಡ ಸೊಸೆಯ ಜಾತಕವನ್ನು ಮೊಮ್ಮಕ್ಕಳಾದ ಮೇಲೆ ಮತ್ತೆ ಕೇಳಿದರೆ ಹೇಗಿರುತ್ತದೆಯೋ ಅಷ್ಟೇ ಅವಮಾನ ಅದು.

ಬಾನಿಯನ್ನು ನೋಡಿಕೊಳ್ಳುವುದು ನಮ್ಮ ಮನೆತನದ ಹಕ್ಕು. ನಮ್ಮವ್ವನಿಗೆ ಕೈಲಾಗದ ಕಾಲ ಬಂದಾಗ ಅದು ಹೊಟ್ಟೆಯಲ್ಲಿ ಹುಟ್ಟಿದ ನನಗೆ ಬರಲಿಲ್ಲ, ಸೊಸೆಗೆ, ಅಂದರೆ ನಮ್ಮಣ್ಣನ ಹೆಂಡತಿ ದೇವೀರಮ್ಮನಿಗೆ ಹೋಯಿತು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಹೇಳುವುದೂ ಇಲ್ಲ. ಆದರೆ ನಮ್ಮತ್ತಿಗೆ ಆ ಕೆಲಸಕ್ಕೆ ಹೇಳಿ ಮಾಡಿಸಿದ ಹೆಂಗಸು. ಕೆರೆಯಿಂದ ಹುಳು ಆರಿಸಿ ತರುವುದು, ಬಾನಿ ತೊಳೆಯುವುದು, ಬಗ್ಗಿ ನೋಡಿ ತೀರ್ಪು ಕೂಗುವುದು, ಯಾವುದರಲ್ಲೂ ಒಂದು ಕೂದಲೆಳೆ ಆಚೀಚೆ ಇಲ್ಲ. ಕಂಡದ್ದನ್ನು ಹೇಳುತ್ತಿದ್ದಳು, ಕಾಣದ್ದನ್ನು ಹೇಳುತ್ತಿರಲಿಲ್ಲ. ತನ್ನ ಸ್ವಂತ ತಮ್ಮ ತಂದ ಹಿತ್ತಾಳೆ ಹಂಡೆಯನ್ನು ಪಂಚರು ಒಲ್ಲೆ ಎಂದಾಗ ಅವನ ಮುಖಕ್ಕೇ ಹೇಳಿ ವಾಪಸು ಕಳಿಸಿದವಳು. ನಮ್ಮಣ್ಣ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಎರಡೇ, ಬಾನಿ ಮತ್ತು ಮಗಳು ಸರ್ವಮಂಗಳೆ.

ಪ್ಲಾಸ್ಟಿಕ್ಕು ನಮ್ಮೂರಿಗೆ ಬಂದದ್ದು ಕಳ್ಳದಾರಿಯಿಂದಲ್ಲ, ರಾಜಮರ್ಯಾದೆಯಿಂದ. ಸೈಕಲ್ಲಿನ ಹಿಂದೆ ನೀಲಿ ಬಕೆಟ್ಟು ಕಟ್ಟಿಕೊಂಡು ಬಂದ ವ್ಯಾಪಾರಿ ತಾನಾಗಿಯೇ ಅದನ್ನು ಬಾನಿಯಲ್ಲಿ ಮುಳುಗಿಸಿದ. ಪಂಚರು ಅದರ ಅಂಚಿನ ಸುತ್ತ ಪ್ರದಕ್ಷಿಣೆ ಹಾಕಿದರು. ಜಾರಿ ಬಿದ್ದರು, ಮತ್ತೆ ಹತ್ತಿದರು. ಅಷ್ಟು ನುಣುಪಾದ ಪದಾರ್ಥವನ್ನು ಅವರು ಹಿಂದೆ ಕಂಡಿರಲಿಲ್ಲ, ನಾವೂ ಕಂಡಿರಲಿಲ್ಲ. ಯಜಮಾನ ಪುಟ್ಟಮಲ್ಲಪ್ಪನವರು ಎಲೆಯಡಿಕೆ ಉಗುಳಿ ಒಪ್ಪಿತ ಎಂದರು. ಆಮೇಲೆ ಕೊಡ, ಚೊಂಬು, ಮಗ್ಗು, ಕುರ್ಚಿ, ಹಗ್ಗ ಒಂದೊಂದಾಗಿ ಬಂದವು. ಪ್ರತಿಯೊಂದೂ ಅಂಗಡಿಯ ಚೀಟಿ ಅಂಟಿದ್ದ ಹಾಗೆಯೇ ಬಾನಿಗೆ ಇಳಿಯಿತು, ಪ್ರತಿಯೊಂದೂ ಗೆದ್ದಿತು. ಮಣ್ಣಿನ ಮಡಕೆ ಮಾಡುತ್ತಿದ್ದವರು ಪಂಚರಿಗೆ ಹಿಡಿಶಾಪ ಹಾಕಿಕೊಂಡು ಊರು ಬಿಟ್ಟರು.

ಬಕೆಟ್ಟಿಗೂ ವಯಸ್ಸಾಗುತ್ತದೆ. ಬಚ್ಚಲ ಹಿಂದಿನ ಬಿಸಿಲಲ್ಲಿ ಕೂತು ಕೂತು ನೀಲಿ ಹೋಗಿ ಬೂದಿ ಬಣ್ಣ ಬರುತ್ತದೆ. ಮುಟ್ಟಿದರೆ ಸುಣ್ಣದಂಥ ಪುಡಿ ಕೈಗೆ ಹತ್ತುತ್ತದೆ. ಒಂದು ದಿನ ನೀರು ತುಂಬಿ ಎತ್ತಿದಾಗ ಹಿಡಿ ಕೈಯಲ್ಲುಳಿದು ಬಕೆಟ್ಟು ನೆಲದ ಮೇಲೆ ಉಳಿಯುತ್ತದೆ. ಹಾಗಾದಾಗ ತಿಪ್ಪೆಗೆ ಎಸೆಯಲು ಅದೇನು ಬೇವಾರ್ಸಿ ಮಾಲೇ? ಪಂಚರು ಒಪ್ಪಿ ಮನೆ ತುಂಬಿಸಿಕೊಂಡದ್ದು. ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು, ನೆಂಟರಿಷ್ಟರನ್ನು ಕರೆದು ಕೆರೆಯ ಮೂಡಣ ಮೂಲೆಗೆ ಬಿಟ್ಟು ಬರುತ್ತಿದ್ದೆವು. ಆ ಜಾಗಕ್ಕೆ ಹಿರಿಯರ ಮೂಲೆ ಎಂಬ ಹೆಸರೂ ಬಿತ್ತು. ನಮ್ಮವ್ವನ ತಿಥಿಗೆ ಬಾರದವರು ಪಕ್ಕದ ಮನೆಯ ಬಕೆಟ್ಟನ್ನು ಬೀಳ್ಕೊಡಲು ಬಂದು ಕಣ್ಣೊರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆರೆಗೆ ಹೋದ ಹಿರಿಯರು ಸುಮ್ಮನೆ ಕೂರಲಿಲ್ಲ. ಮೇಲೆ ಬಿಸಿಲು, ಕೆಳಗೆ ಅಲೆ. ಮೊದಲು ಚೂರಾದರು, ಆಮೇಲೆ ಅಕ್ಕಿನುಚ್ಚಿನಷ್ಟಾದರು, ಕೊನೆಗೆ ರಾಗಿಹಿಟ್ಟಿನಷ್ಟು ಸಣ್ಣಗಾಗಿ ಕೆಸರಿನಲ್ಲಿ ಬೆರೆತರು. ಅವರ ಮೇಲೆ ಪಾಚಿ ಕಟ್ಟಿತು. ಕೆರೆಯ ಹುಳುಗಳು ಆ ಪಾಚಿಯನ್ನು ಕೆರೆದು ತಿನ್ನಲು ಗುಂಪುಗುಂಪಾಗಿ ಮೂಡಣ ಮೂಲೆಗೆ ಬರತೊಡಗಿದವು. ಹಿರಿಯರು ತಾವು ಹೋದ ಮೇಲೂ ಪಂಚರ ವಂಶಕ್ಕೆ ಊಟ ಹಾಕುತ್ತಿದ್ದಾರೆ ಎಂದು ಪುಟ್ಟಮಲ್ಲಪ್ಪನವರು ಸಭೆಯಲ್ಲಿ ಹೇಳಿದಾಗ ಚಪ್ಪಾಳೆ ಬಿತ್ತು.

ಪಂಚರು ಮೂಗು ಮುರಿಯಲು ಶುರುಮಾಡಿದ್ದು ಅದಾದ ಕೆಲವು ವರ್ಷಗಳಿಗೆ. ಮೊದಲು ಒಂದು ಸೋಪನ್ನು ಬೇಡವೆಂದರು. ಆಮೇಲೆ ಮೇಷ್ಟರ ಸ್ಟೀಲು ಊಟದ ಡಬ್ಬಿ. ಆಮೇಲೆ ಮೇಷ್ಟರು. ಬರಬರುತ್ತ ಯಾವ ಗಂಡು ಬಂದು ಕೈಯಿಟ್ಟರೂ ಚಿಪ್ಪಿನೊಳಗೇ ಕೂರುವುದಾಯಿತು. ಊರಿನವರಿಗೆ ಇದರಿಂದ ಹೆಮ್ಮೆಯೇ ಆಯಿತು. ಹೊರಗಿನ ಪ್ರಪಂಚ ಎಷ್ಟು ಕೆಟ್ಟಿದೆ ನೋಡಿ, ನಮ್ಮ ಪಂಚರು ಎಷ್ಟು ಚುರುಕಾಗಿದ್ದಾರೆ ನೋಡಿ ಎಂದು ಮಾತಾಡಿಕೊಂಡರು. ಅತ್ತಿಗೆ ಮಾತ್ರ ಐದು ಹುಳು ಹುಡುಕಲು ಬೆಳಗಿನಿಂದ ಮಧ್ಯಾಹ್ನದ ತನಕ ಕೆರೆ ಸುತ್ತಬೇಕಾಗುತ್ತಿತ್ತು. ಹುಳು ಕಡಿಮೆಯಾಗಿವೆ ಎಂದು ಅವಳು ಹೇಳಿದರೆ, ನ್ಯಾಯವಂತರು ಯಾವ ಕಾಲದಲ್ಲೂ ಕಡಿಮೆಯೇ ಎಂದು ಯಜಮಾನರು ಸಮಾಧಾನ ಹೇಳಿದರು.

ಊರಿನ ಹೆಣ್ಣುಮಕ್ಕಳು ಮಾತ್ರ ಮನೆಯಲ್ಲೇ ಬಲಿತರು. ನಮ್ಮ ಮಂಗಳೆಯೂ ಮೂವತ್ತರ ಹತ್ತಿರ ಬಂದಳು. ಅವಳಿಗೆ ಬಂದಿದ್ದ ಎರಡು ಗಂಡುಗಳನ್ನು ಪಂಚರು ಒಲ್ಲೆ ಎಂದಿದ್ದರು, ಅವಳೇನೂ ಅತ್ತಿರಲಿಲ್ಲ. ಮೂರನೆಯವನ ವಿಷಯ ಬೇರೆ. ಗುರುಮಲ್ಲು ಬೆಟ್ಟದ ಕಡೆಯವನು. ಊರೂರು ತಿರುಗಿ, ಸವೆದ ಒರಳುಕಲ್ಲುಗಳಿಗೆ ಉಳಿಪೆಟ್ಟು ಹಾಕಿ ಮತ್ತೆ ಒರಟು ಮಾಡಿಕೊಡುವುದು ಅವನ ಕೆಲಸ. ನಮ್ಮೂರ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದ. ಮಂಗಳೆ ಒರಳು ತಂದಳು. ಆಮೇಲೆ ಗುಂಡುಕಲ್ಲು ತಂದಳು. ಆಮೇಲೆ ನನ್ನ ಮನೆಯ ಒರಳನ್ನೂ ಕೇಳಿಕೊಂಡು ಬಂದಳು, ಅದು ಒರಟಾಗಿಯೇ ಇತ್ತು. ನಾನು ಉರುಳಿಸಿ ಕೊಟ್ಟೆ.

ಗುರುಮಲ್ಲು ತನ್ನ ಸೋದರತ್ತೆಯನ್ನು ಕರೆದುಕೊಂಡು ಬಾನಿಯ ಹತ್ತಿರ ಬಂದ ದಿನ ಇಡೀ ಊರೇ ಸೇರಿತ್ತು. ಅವನು ತೋಳು ಮಡಿಸಿದ. ಯಜಮಾನರು ಎಲೆಗೆ ಸುಣ್ಣ ಸವರಿದರು. ನಾನು ಅತ್ತಿಗೆಯ ಪಕ್ಕದಲ್ಲೇ ನಿಂತಿದ್ದೆ. ಅವನ ಕೈ ಇನ್ನೂ ನೀರು ಮುಟ್ಟಿರಲಿಲ್ಲ, ಪಂಚರು ಆಗಲೇ ಮುಚ್ಚಳ ಹಾಕಿಕೊಂಡಿದ್ದರು. ಅತ್ತಿಗೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕೈ ನೀರಿಗಿಳಿಯಿತು, ಎಲೆಯಡಿಕೆ ಮುಗಿಯಿತು, ಯಾವ ಹುಳುವೂ ಅಲುಗಲಿಲ್ಲ. ಅತ್ತಿಗೆ ಕಂಡದ್ದನ್ನು ಹೇಳುವವಳಲ್ಲವೇ, ಒಪ್ಪಲಿಲ್ಲ ಎಂದು ಕೂಗಿದಳು. ಅವಳ ದನಿ ಅಷ್ಟು ಸಣ್ಣಗೆ ಬಂದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಪಂಚರು ಒಪ್ಪದ ಗಂಡಿನ ಹಿಂದೆ ಹೋದ ಹೆಣ್ಣು ಊರಿನ ಬಾಗಿಲನ್ನು ಮತ್ತೆ ದಾಟುವಂತಿಲ್ಲ. ತಾಯಿ ಸತ್ತರೂ ಮಣ್ಣಿಗೆ ಬರುವಂತಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಮಂಗಳೆಗೂ ಗೊತ್ತಿತ್ತು. ಅವತ್ತು ಸಂಜೆ ಅವಳು ರಾಗಿ ಬೀಸುತ್ತ ತಾಯಿಯ ಮುಖ ನೋಡದೆ ಹೇಳಿದಳು:

"ಅವ್ವ, ಅಮಾವಾಸ್ಯೆ ಕಳೀಲಿ, ನಾನು ಬೆಟ್ಟಕ್ಕೆ ಹೋಯ್ತೀನಿ. ಪಂಚರು ಒಪ್ಪಿದ್ದಿದ್ರೆ ಹೋಗಿ ಬಂದು ಮಾಡ್ತಿದ್ದೆ. ಒಪ್ನಿಲ್ಲ, ಇನ್ನು ಬರಕ್ಕಾಗಲ್ಲ, ಅಷ್ಟೇಯ."

ಕೈ ಮುಟ್ಟುವ ಮೊದಲೇ ಮುಚ್ಚಿಕೊಂಡ ಪಂಚರನ್ನು ಕಂಡಾಗಿನಿಂದ ಅತ್ತಿಗೆಗೆ ಕೆರೆಯ ನೀರಿನ ಮೇಲೆ, ಅದಕ್ಕೆ ಬಿಟ್ಟ ಹಿರಿಯರ ಮೇಲೆ ಅನುಮಾನ ಹುಟ್ಟಿತ್ತು. ಮಾರನೆಯ ದಿನ ಬೆಟ್ಟದ ದೇವರಿಗೆ ಹರಕೆ ಇದೆ ಎಂದು ಸುಳ್ಳು ನೆಪ ಹೇಳಿ ನನ್ನನ್ನೂ ಎಳೆದುಕೊಂಡು ಹೊರಟಳು. ಬೆಟ್ಟದ ಮೇಲೆ ಬಂಡೆಗಳ ನಡುವೆ ಒಂದು ದೊಣೆ ಇದೆ. ಮಳೆಯ ನೀರು ನಿಂತು ಕನ್ನಡಿಯಂತಿರುತ್ತದೆ. ಗುರುಮಲ್ಲುವಿನ ಕಡೆಯವರು ಕುಡಿಯುವುದು ಅದೇ ನೀರು. ಅಲ್ಲಿಯ ಹುಳುಗಳು ಕಂಡಾಗ ನನಗೆ ನಗು ಬಂತು, ನನ್ನ ಚಿಕ್ಕಂದಿನಲ್ಲಿ ನಮ್ಮ ಪಂಚರೂ ಹೀಗೇ ಓಡಾಡುತ್ತಿದ್ದರು. ಅತ್ತಿಗೆ ಒಂದು ಕೊಡ ನೀರು ತುಂಬಿಕೊಂಡಳು, ಹಿತ್ತಾಳೆಯ ಕೊಡ. ಒಂದು ಮುಷ್ಟಿ ಹುಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡಳು.

ಮಧ್ಯಾಹ್ನ ಊರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ ಅವಳ ಹಿತ್ತಲಿನಲ್ಲಿ ಮೂರು ಮಡಕೆ ಇಟ್ಟೆವು. ಒಂದೊಂದಕ್ಕೂ ಬೆಟ್ಟದ ನೀರು, ಬೆಟ್ಟದ ಹುಳು. ಮೊದಲನೆಯದಕ್ಕೆ ಅಂಗಡಿಯಿಂದ ತಂದ ಹೊಸ ಬಕೆಟ್ಟಿನ ಅಂಚನ್ನು ಚಾಕುವಿನಲ್ಲಿ ಹೆರೆದು ಹಾಕಿದಳು. ಎರಡನೆಯದಕ್ಕೆ ಬಚ್ಚಲ ಹಿಂದಿನ ಬಿಸಿಲುಂಡ ಬಕೆಟ್ಟಿನ ಪುಡಿ. ಮೂರನೆಯದಕ್ಕೆ ಹಿರಿಯರ ಮೂಲೆಯಿಂದ ಬೊಗಸೆಯಲ್ಲಿ ತಂದಿದ್ದ, ಪಾಚಿ ಕಟ್ಟಿದ ಚೂರು. ಮೂರೂ ಒಂದೇ ಅಂಗಡಿಯ, ಒಂದೇ ಅಚ್ಚಿನ ಬಕೆಟ್ಟುಗಳು. ಒಮ್ಮೆ ಒಪ್ಪಿದ್ದನ್ನು ಮತ್ತೆ ಒಡ್ಡುತ್ತಿದ್ದೇವೆ ಎಂದು ನಾನು ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ ಬಂದೆ. ಅತ್ತಿಗೆ ತುಟಿ ಕಚ್ಚಿಕೊಂಡು ಬಗ್ಗಿ ನೋಡುತ್ತಿದ್ದಳು.

ಹೊಸದರ ಮೇಲೆ ಹುಳುಗಳು ಆರಾಮಾಗಿ ಹರಿದಾಡಿದವು. ಬಿಸಿಲುಂಡದ್ದರ ಮಡಕೆಯಲ್ಲಿ ಒಂದೆರಡು ಹಿಂದೆ ಸರಿದು ಗೋಡೆ ಹಿಡಿದವು. ಮೂರನೆಯ ಮಡಕೆಯಲ್ಲಿ ಆದದ್ದೇ ಬೇರೆ. ಹುಳುಗಳು ಓಡೋಡಿ ಬಂದು ಪಾಚಿಯ ಚೂರುಗಳಿಗೆ ಬಾಯಿ ಹಾಕಿದವು, ಮದುವೆಮನೆಯ ಮೊದಲ ಪಂಕ್ತಿಯಲ್ಲಿ ಕೂತವರ ಹಾಗೆ. ಅತ್ತಿಗೆಯ ಮುಖ ಅರಳಿತು. ಹಿರಿಯರದೇನೂ ತಪ್ಪಿಲ್ಲ, ಸುಮ್ಮನೆ ಅನುಮಾನಪಟ್ಟೆ ಎಂದು ಕೆನ್ನೆ ಬಡಿದುಕೊಂಡಳು. ಮಡಕೆಗಳನ್ನು ತೊಳೆದಿಡಲು ಬೇಸರವಾಗಿ ನಾವು ಹಾಗೆಯೇ ಬಿಟ್ಟು ಎದ್ದೆವು. ಆ ಸೋಮಾರಿತನದಿಂದಲೇ ನಿಜ ಗೊತ್ತಾಯಿತು, ಇಲ್ಲದಿದ್ದರೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಮಾರನೆಯ ಮಧ್ಯಾಹ್ನ ನೋಡಿದಾಗ ಮೊದಲನೆಯ ಮಡಕೆಯವರು ಓಡಾಡಿಕೊಂಡಿದ್ದರು. ಎರಡನೆಯದರಲ್ಲಿ ಒಬ್ಬಿಬ್ಬರು ಮುಚ್ಚಳ ಹಾಕಿಕೊಂಡಿದ್ದರು. ಮೂರನೆಯದರಲ್ಲಿ ಹೊಟ್ಟೆತುಂಬ ಉಂಡವರೆಲ್ಲ ತಳದಲ್ಲಿ ಬಿದ್ದಿದ್ದರು. ಅತ್ತಿಗೆ ಒಂದನ್ನು ಎತ್ತಿ ಉಗುರಿನಿಂದ ತಟ್ಟಿದಳು. ಅದರ ಮುಚ್ಚಳ ಕಳಚಿ ಅವಳ ಅಂಗೈಗೆ ಬಿತ್ತು. ಅವಳು ಹಿತ್ತಲ ಗೋಡೆಗೆ ಒರಗಿ ನೆಲದ ಮೇಲೆ ಕೂತು ನನ್ನ ಕಡೆ ತಿರುಗಿದಳು.

"ರಾಚಿ, ಹೊಸದಾಗಿದ್ದಾಗ ಕೇಳುದೋ. ಹಳೇದಾದ್ಮೇಲೆ ಹೆಂಗಾಯ್ತು ಅಂತ ಒಬ್ರೂ ಕೇಳ್ನಿಲ್ವಲ್ಲೇ."

ನಾನು ಮೂರನೆಯ ಮಡಕೆಯ ಬಾಯಿ ಮುಚ್ಚಿ ಬದಿಗಿಟ್ಟೆ. ಕೆರೆಯ ನೀರು ನಾವು ದಿನಾ ಕುಡಿಯುವ ನೀರು.

ಬಾನಿಯವಳಿಗೆ ಒಂದು ಅಧಿಕಾರ ಇದೆ. ನೀರು ಕೆಟ್ಟಿತ್ತು ಎಂದು ಅವಳು ಹೇಳಿದರೆ ಸಭೆ ಸೇರಿಸಿ ವಿಚಾರಿಸಲೇಬೇಕು. ಅಮಾವಾಸ್ಯೆಗೆ ಮುಂಚೆ ಅತ್ತಿಗೆ ಸಭೆ ಸೇರಿಸಿದಳು. ಕೆರೆಯ ನೀರಿನಲ್ಲಿ ಕೊಟ್ಟ ತೀರ್ಪು ತೀರ್ಪಲ್ಲ, ಬೆಟ್ಟದ ನೀರಿನಲ್ಲಿ ಗುರುಮಲ್ಲುವಿನ ಕೈಯನ್ನು ಮತ್ತೆ ನೋಡಬೇಕು ಎಂಬುದು ಅವಳ ಅಹವಾಲು. ಸತ್ಯ ಗೊತ್ತಾದರೆ ಊರು ಒಪ್ಪುತ್ತದೆ ಎಂದು ಅವಳು ನಂಬಿದ್ದಳು. ಬಾನಿಯ ಮುಂದೆಯೇ ಜೀವಮಾನ ಕಳೆದವಳಿಗೆ ಊರು ಹೇಗೆ ಗೊತ್ತಿರಬೇಕು?

ಪುಟ್ಟಮಲ್ಲಪ್ಪನವರು ಬಿಳಿ ಪಂಚೆಯುಟ್ಟು, ಎಲೆಯಡಿಕೆ ತಟ್ಟೆಯೊಂದಿಗೆ ಕೂತಿದ್ದರು. ಅತ್ತಿಗೆ ಬಾನಿ ತೊಳೆದು, ಗುರುಮಲ್ಲು ಬೆಟ್ಟದಿಂದ ಕೊಡಗಳಲ್ಲಿ ತಂದಿದ್ದ ನೀರು ತುಂಬಿ ಅಲ್ಲಿಯದೇ ಹುಳು ಬಿಟ್ಟಳು. ಹೊಸ ಬಕೆಟ್ಟನ್ನು ಇಳಿಸಿದಳು, ಹುಳುಗಳು ಹರಿದಾಡಿದವು. ಕೆರೆಯ ಚೂರುಗಳನ್ನು ಸುರಿದಳು, ಹುಳುಗಳು ಓಡಿ ಬಂದು ತಿನ್ನತೊಡಗಿದವು. ಜನ ಹೋ ಎಂದು ನಕ್ಕರು. ಯಜಮಾನರು ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಂಡು, ಹಿರಿಯರನ್ನು ಪಂಚರು ಎರಡನೆಯ ಸಲವೂ ಒಪ್ಪಿದರು, ಊಟಕ್ಕೆ ಏಳೋಣ ಎಂದರು. ನಾಳೆ ಮಧ್ಯಾಹ್ನದವರೆಗೆ ಕಾಯಿರಿ ಎಂದು ಅತ್ತಿಗೆ ಬೇಡಿಕೊಂಡಳು. ನಾಳೆಯವರೆಗೆ ಅಗಿಯುವಷ್ಟು ಎಲೆಯಡಿಕೆ ಯಾರ ಬಾಯಿಯಲ್ಲೂ ಹಿಡಿಯುವುದಿಲ್ಲ ಎಂದು ಯಾರೋ ಹಿಂದಿನಿಂದ ಹೇಳಿದರು. ಆಗ ಅವಳು ತನ್ನ ಹಿತ್ತಲಿನ ಮೂರನೆಯ ಮಡಕೆಯನ್ನೇ ತಂದು ಸತ್ತ ಹುಳುಗಳನ್ನು ಎಲ್ಲರ ಮುಂದೆ ಸುರಿದಳು.

ಮುಂದೆ ಕೂತವರು ಬಗ್ಗಿ ನೋಡಿ ಹಿಂದೆ ಸರಿದರು. ಆದರೆ ನಮ್ಮೂರಿನವರು ಮಾತಿಗೆ ಸೋತವರಲ್ಲ. ಒಬ್ಬರು ತಮ್ಮ ಮನೆಯ ಹಳೆಯ ಬಿಳಿ ಪ್ಲಾಸ್ಟಿಕ್ಕು ಚೊಂಬನ್ನು ತರಿಸಿದರು, ಅದು ಹರಿಯುವ ಕಾಲುವೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದು. ತನ್ನ ವಿಷವನ್ನೆಲ್ಲ ಹರಿವ ನೀರಿಗೆ ಬಿಟ್ಟು ಸಪ್ಪೆಯಾಗಿತ್ತೋ ಏನೋ, ಹುಳುಗಳು ಅದರ ಮೇಲೆ ನಡೆದವು. ಅಲ್ಲಿಗೆ ತಪ್ಪು ವಯಸ್ಸಿನದಲ್ಲ ಎಂದಾಯಿತು. ಎಲ್ಲ ಹಳೆಯದೂ ಒಂದೇ ತರಹ ಹಳೆಯದಾಗುವುದಿಲ್ಲ, ಯಾವುದು ಎಲ್ಲಿ ಹಳೆಯದಾಯಿತು ಎಂದು ನೋಡಬೇಕು ಎಂದು ಅತ್ತಿಗೆ ಹೇಳುತ್ತಲೇ ಇದ್ದಳು. ಯಜಮಾನರು ಕೈಯೆತ್ತಿ ಅವಳನ್ನು ನಿಲ್ಲಿಸಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

"ದೇವೀರಮ್ಮ, ಒಪ್ಪಿದ್ದನ್ನ ಮತ್ತೆ ಕೇಳ್ಬೇಕು ಅಂದ್ರೆ ಬಕೆಟ್ಟಿಗೆ ನಿಲ್ಲಕಿಲ್ಲ ಕಣಮ್ಮ. ಇದೇ ನೀರಲ್ಲಿ ಹಳಬರಾದೋರು ನಾವೆಲ್ಲ. ನೀನೂ ಸೊಸೆಯಾಗಿ ಬಂದಾಗ ಕೈಯಿಟ್ಟಿದ್ದೆ. ಈಗ ಇಟ್ಟೀಯಾ?"

ಬೆದರಿಸಲು ಆಡಿದ ಮಾತು ಅದು. ಅತ್ತಿಗೆ ಅದನ್ನು ಪ್ರಶ್ನೆ ಎಂದುಕೊಂಡಳು. ಬಾನಿಯ ನೀರು ಚೆಲ್ಲಿ, ಕೊಡದಲ್ಲಿ ಉಳಿದಿದ್ದ ಬೆಟ್ಟದ ನೀರು ಹೊಯ್ದು, ಹೊಸ ಹುಳು ಬಿಟ್ಟು, ರವಿಕೆಯ ತೋಳು ಮೇಲೆ ಸರಿಸಿ ಕೈಯಿಟ್ಟಳು. ಹೊಳೆಯುತ್ತಿದ್ದ ಐದು ಹುಳುಗಳು ಅವಳ ಕೈಯ ಸುತ್ತ ಬಂದವು. ಒಂದು ಹುಳು ಕೊಂಬು ಚಾಚಿ ಅವಳ ಕಿರುಬೆರಳು ಮುಟ್ಟಿತು. ಆಮೇಲೆ ಒಂದೊಂದಾಗಿ ಮುಚ್ಚಳ ಹಾಕಿಕೊಂಡವು. ಯಜಮಾನರು ಎಲೆಯಡಿಕೆ ಹಾಕಿಕೊಳ್ಳುವುದನ್ನೇ ಮರೆತಿದ್ದರು. ಅತ್ತಿಗೆ ಬಹಳ ಹೊತ್ತು ಕೈ ತೆಗೆಯಲಿಲ್ಲ. ಕೊನೆಗೆ ಎದ್ದು ನಿಂತು, ಕಂಡದ್ದನ್ನು ಹೇಳಿದಳು. ಒಪ್ಪಲಿಲ್ಲ.

ಆಮೇಲೆ ಅಲ್ಲಿದ್ದವರ ಕೈಗಳನ್ನು ನೋಡಬೇಕಿತ್ತು. ಕೆಲವು ಬೆನ್ನ ಹಿಂದೆ ಹೋದವು, ಕೆಲವು ಕಂಕುಳಿಗೆ ಹೋದವು, ಯಜಮಾನರವು ಟವೆಲ್ಲಿನೊಳಗೆ ಹೋದವು. ನಮ್ಮನೆಯವರು, ಪಂಚರು ಅಷ್ಟು ಮೆಚ್ಚಿದ್ದ ತಮ್ಮ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಆಕಾಶ ನೋಡುತ್ತಿದ್ದರು. ಯಾರೂ ಕರೆಯದಿದ್ದರೂ ಗುರುಮಲ್ಲು ಮುಂದೆ ಬಂದ. ಉಳಿ ಹಿಡಿದು ಒಡೆದುಹೋಗಿದ್ದ ಆ ಕೈಯನ್ನು ನೀರಿಗೆ ಇಳಿಸಿದ. ಹುಳುಗಳು ಮೆಲ್ಲಗೆ ಮುಚ್ಚಳ ತೆರೆದವು, ಹೊರಗೆ ಬಂದವು, ಅವನ ಮಣಿಕಟ್ಟಿನವರೆಗೆ ಹತ್ತಿದವು. ಒಪ್ಪಿದರು ಎಂದು ಅತ್ತಿಗೆ ಕೂಗಿದಳು. ಮಂಗಳೆ ಕಂಬ ಹಿಡಿದುಕೊಂಡು ಅಳುತ್ತಿದ್ದಳು.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಗುರುಮಲ್ಲುವಿನ ಸೋದರತ್ತೆ ಅವನ ಜೊತೆ ಬಂದು ಹಿಂದೆ ಕೂತಿದ್ದ ಮುದುಕಿ. ಮೊಣಕಾಲು ಹಿಡಿದುಕೊಂಡು ಎದ್ದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಅಂಜಿಕೆ ಇತ್ತು.

"ತಪ್ಪು ತಿಳ್ಕೋಬೇಡಿ ತಾಯಿ. ನಮ್ಮ ಹುಡುಗನ ಕೈ ನೋಡುದ್ರಿ. ಈಗ ನಿಮ್ಮ ಹುಡುಗಿ ಕೈನೂ ಒಂದಪ ನೋಡ್ಬುಡಿ. ನಮ್ಮನೇಲಿ ಮಕ್ಕಳು ಹುಟ್ಬೇಕು."

ಊರಿನ ಹೆಣ್ಣಿನ ಕೈಯನ್ನು ಅಲ್ಲಿಯವರೆಗೆ ಯಾರೂ ಬಾನಿಗೆ ಇಡಿಸಿರಲಿಲ್ಲ. ಇಡಿಸುವ ಅಗತ್ಯವೇನಿತ್ತು, ಊರಿನವಳಲ್ಲವೇ. ಮಂಗಳೆ ಕಣ್ಣೊರೆಸಿಕೊಂಡು ಬಂದು ತೋಳು ಮಡಿಸಿದಳು. ಹುಟ್ಟಿದಂದಿನಿಂದ ಆ ಕೆರೆಯ ನೀರು ಕುಡಿದ ಕೈ. ಯಜಮಾನರು ಈ ಸಲ ಮರೆಯದೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಮಗಳ ಕೈ ನೀರಿಗೆ ಇಳಿಯುತ್ತಿದ್ದಂತೆ ಅತ್ತಿಗೆ ಬಾನಿಯ ಪಕ್ಕದಲ್ಲಿ ಮಂಡಿಯೂರಿದಳು. ಹುಳುಗಳಿಗೆ ಬಿಸಿಲು ತಾಗುತ್ತದೆ ಎಂದು ಹೇಳಿ ಸೆರಗು ಹಿಡಿದು ಬಾನಿಯನ್ನು ಪೂರ್ತಿ ಮುಚ್ಚಿದಳು. ತಲೆಯನ್ನು ಸೆರಗಿನೊಳಗೆ ಹಾಕಿ ನೋಡಿದಳು. ನಾನು ಎದುರಿಗೇ ಇದ್ದೆ, ನನಗೂ ಏನೂ ಕಾಣಲಿಲ್ಲ. ಯಜಮಾನರು ಉಗುಳಿದರು. ಅತ್ತಿಗೆ ತಲೆ ಹೊರಗೆ ತೆಗೆದಾಗ ಅವಳ ಮುಖದ ಮೇಲೆ ನೀರಿತ್ತು, ಬಾನಿಯದೋ ಬೆವರೋ ಗೊತ್ತಿಲ್ಲ.

ಒಪ್ಪಿದರು ಎಂದಳು. ಅವಳು ಹೇಳಿದ ಮೇಲೆ ಮುಗಿಯಿತು. ದೇವೀರಮ್ಮ ಕಾಣದ್ದನ್ನು ಹೇಳುವವಳಲ್ಲ ಎಂಬುದು ಬೆಟ್ಟದವರಿಗೂ ಗೊತ್ತಿತ್ತು. ಮುದುಕಿ ಕೈಮುಗಿದು ಕೂತಳು. ಆ ಸೆರಗಿನೊಳಗೆ ಏನು ಕಂಡೆ ಎಂದು ನಾನು ಅತ್ತಿಗೆಯನ್ನು ಇವತ್ತಿನವರೆಗೆ ಕೇಳಿಲ್ಲ. ಅವಳೂ ಹೇಳಿಲ್ಲ.

ಊರಿನವರು ಮಾತ್ರ ಒಂದು ದಾರಿ ಕಂಡುಕೊಂಡರು. ಮಾರನೆಯ ಬೆಳಿಗ್ಗೆ ಪುಟ್ಟಮಲ್ಲಪ್ಪನವರು ಎಲ್ಲರಿಗಿಂತ ಮೊದಲು ಬಾನಿಯ ಹತ್ತಿರ ಬಂದು, ತಮಗೂ ಬಿಸಿಲು ತಾಗದ ಹಾಗೆ ಒಂದು ಪರೀಕ್ಷೆ ಆಗಿಬಿಡಲಿ ಎಂದರು. ಅವರ ಹಿಂದೆ ಸಾಲು ನಿಂತಿತ್ತು. ಅತ್ತಿಗೆ ಏನು ಮಾಡಬೇಕು? ಒಬ್ಬಳಿಗೆ ಹಿಡಿದ ಸೆರಗನ್ನು ಇನ್ನೊಬ್ಬರಿಗೆ ಹಿಡಿಯುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು, ಮದುವೆ ಇನ್ನೂ ಆಗಿರಲಿಲ್ಲ. ಸೆರಗು ಹಿಡಿದಳು. ಎಲ್ಲರೂ ಒಪ್ಪಿತರಾದರು, ನಮ್ಮನೆಯವರೂ ಸೇರಿ. ಊರಿನವರೆಲ್ಲ ಸರಿಯಾಗಿದ್ದ ಮೇಲೆ ಕೆರೆಯಲ್ಲಿ ದೋಷ ಹೇಗೆ ಬಂತು ಎಂದು ಯಜಮಾನರು ಕೇಳಿದರು. ಕೆರೆಯ ವಿಚಾರಣೆ ಅಲ್ಲಿಗೆ ನಿಂತಿತು. ಅತ್ತಿಗೆಯ ಕೈಯನ್ನು ಹುಳುಗಳು ಒಲ್ಲೆ ಎಂದದ್ದಕ್ಕೂ ಕಾರಣ ಸಿಕ್ಕಿತು. ಅವತ್ತು ಅವಳು ಸತ್ತ ಹುಳು ಮುಟ್ಟಿ ಕೈ ತೊಳೆದುಕೊಂಡಿರಲಿಲ್ಲವಂತೆ. ಊರಿನವರು ದೊಡ್ಡ ಮನಸ್ಸಿನಿಂದ ಅದನ್ನು ಮರೆತು, ಅವಳಿಗೆ ಒಂದು ಶಾಲು ಹೊದಿಸಿದರು. ಅದೇ ವಾರ ಹಿರಿಯರ ಮೂಲೆಗೆ ಎರಡು ಕೊಡ, ಒಂದು ಕುರ್ಚಿ ಹೋದವು.

ಮದುವೆ ಚೆನ್ನಾಗಿಯೇ ಆಯಿತು. ಒಪ್ಪಿತವಾದ ಗಂಡು, ಒಪ್ಪಿತವಾದ ಹೆಣ್ಣು. ಹಬ್ಬಕ್ಕೆ ಬರಬಹುದು, ಚೊಚ್ಚಲ ಹೆರಿಗೆಗೆ ಬರಬಹುದು, ಯಾವ ಬಾಗಿಲೂ ಮುಚ್ಚಿಲ್ಲ. ಅತ್ತಿಗೆ ಬಯಸಿದ್ದೆಲ್ಲ ಸಿಕ್ಕಿತ್ತು. ಕೆರೆಯ ವಿಷಯ ಗೊತ್ತಿದ್ದೂ ನಾನ್ಯಾಕೆ ಸುಮ್ಮನಿದ್ದೆ ಎಂದು ಯಾರಾದರೂ ಕೇಳಿದರೆ, ನನ್ನ ಕೈಯಲ್ಲಿ ಮಂಗಳೆಯ ಮಡಿಲಕ್ಕಿಯ ತಟ್ಟೆ ಇತ್ತು ಎಂದು ಹೇಳುತ್ತೇನೆ.

ಗಂಡನ ಮನೆಗೆ ಹೊರಡುವ ಹೆಣ್ಣು ಊರ ಬಾಗಿಲಿನಲ್ಲಿ ತಾಯಿಯ ಕೈಯಿಂದ ಒಂದು ಲೋಟ ಕೆರೆಯ ನೀರು ಕುಡಿದು ಹೊರಡಬೇಕು, ತವರಿನ ಋಣ ಉಳಿಯಲಿ ಎಂದು. ಎಲ್ಲರೂ ಸುತ್ತ ನಿಂತಿದ್ದರು. ಅತ್ತಿಗೆ ಬೆಳ್ಳಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು, ತುಳುಕೀತೆಂಬಂತೆ ಮೆಲ್ಲಗೆ. ಮಡಿಲು ತುಂಬಲು ಹತ್ತಿರವೇ ನಿಂತಿದ್ದ ನನಗೆ ಲೋಟದ ಒಳಗೆ ಕಂಡಿತು. ಅದರಲ್ಲಿ ಒಂದು ಹನಿಯೂ ಇರಲಿಲ್ಲ. ಮಂಗಳೆ ಲೋಟ ನೋಡಿದಳು, ತಾಯಿಯನ್ನು ನೋಡಿದಳು. ಕಿವಿಯೋಲೆ ಸರಿಮಾಡುವವಳಂತೆ ಅತ್ತಿಗೆ ಬಗ್ಗಿದಳು, ಕೈ ಮಾತ್ರ ಮಗಳ ಕೆನ್ನೆಗೆ ತಾಗಿಸಲಿಲ್ಲ.

"ಬಾಣಂತನಕ್ಕೆ ಇಲ್ಲಿಗೆ ಬರ್ಬ್ಯಾಡ ಕಣವ್ವ. ನಾನೇ ಬತ್ತೀನಿ. ನಿನ್ ಕೂಸ ಬಾಗ್ಲಲ್ಲಿ ನಿಂತ್ಕಂಡು ನೋಡಿ ಬತ್ತೀನಿ, ಎತ್ಕೊ ಅನ್ಬ್ಯಾಡ."

ಮಂಗಳೆ ಲೋಟವನ್ನು ಬಾಯಿಗಿಟ್ಟುಕೊಂಡು ತಲೆ ಮೇಲೆತ್ತಿ, ಗುಟುಕು ಗುಟುಕಾಗಿ ಕುಡಿದಳು, ಕೊನೆಗೆ ಸೆರಗಿನಿಂದ ತುಟಿ ಒರೆಸಿಕೊಂಡಳು. ಜನ ಸಮಾಧಾನದಿಂದ ದಾರಿ ಬಿಟ್ಟುಕೊಟ್ಟರು.